ತಿಪ್ಪೆ ಇದ್ದ ಜಾಗದ ಮಣ್ಣು

ಮಣ್ಣು ಪರೀಕ್ಷಾ ಇಲಾಖೆಯ ಮುಖ್ಯಸ್ಥರಿಗೆ, ಅವರ ಕೈಕೆಳಗಿನವನೊಬ್ಬ ಎಲ್ಲರೆದುರು ಬರೆದದ್ದು

ಮಾನ್ಯರೇ,

ಕಳೆದ ತಿಂಗಳ ಒಂದು ಬುಧವಾರ ನಿಮ್ಮ ಪರೀಕ್ಷಾ ಕೇಂದ್ರದ ಮೂರನೇ ಕೌಂಟರಿನಲ್ಲಿ ಹೆಂಗಸೊಬ್ಬಳ ಅರ್ಜಿಯನ್ನು ತಿರಸ್ಕರಿಸಲಾಯಿತು. ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು ಇಷ್ಟು: ‘ಅರ್ಜಿದಾರರು ರೈತರಲ್ಲ. ಹಿಂದಿರುಗಿಸಿದೆ.’ ಆಕೆ ಇಪ್ಪತ್ತಮೂರು ವರ್ಷಗಳಿಂದ ಒಂದೇ ಹೊಲದ ಮಣ್ಣನ್ನು ಕೈಯಾರೆ ಸಾಕಿದವಳು. ಷರಾದಲ್ಲಿ ಕಾಗುಣಿತ ತಪ್ಪಿಲ್ಲ, ನಿಯಮವೂ ತಪ್ಪಿಲ್ಲ. ಪದಗಳು ನಿಮ್ಮದೇ ಸುತ್ತೋಲೆಯವು. ಬರೆದ ಕೈ ನನ್ನದು. ಆಕೆ ನನ್ನ ಒಡಹುಟ್ಟಿದ ಅಕ್ಕ.

ಒಂದು ತಿಂಗಳಿಂದ ಈ ತಪ್ಪನ್ನು ಪೂರ್ತಿಯಾಗಿ ನಿಮ್ಮ ತಲೆಗೆ ಕಟ್ಟಲು ನೋಡಿದೆ. ಅರ್ಧ ಮಾತ್ರ ಕಟ್ಟಲು ಸಾಧ್ಯವಾಯಿತು. ಉಳಿದರ್ಧ ಎಷ್ಟು ತಳ್ಳಿದರೂ ನನ್ನ ಕಡೆಗೇ ವಾಲುತ್ತದೆ. ಆದ್ದರಿಂದ ಇದರಲ್ಲಿ ದೂರೂ ಇದೆ, ತಪ್ಪೊಪ್ಪಿಗೆಯೂ ಇದೆ. ಎರಡನ್ನೂ ಬೇರೆ ಬೇರೆ ಕಡತಕ್ಕೆ ಹಾಕಲು ಪುರುಸೊತ್ತು ಮಾಡಿಕೊಳ್ಳಬೇಡಿ. ನೌಕರನಾದವನು ಪತ್ರಿಕೆಗೆ ಬರೆಯಬಾರದೆಂಬ ನಿಯಮ ನನಗೆ ಗೊತ್ತು. ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದವನು ನಾನು, ಅದರಿಂದ ಏನಾಯಿತು ಎಂಬುದನ್ನೇ ಹೇಳಹೊರಟಿದ್ದೇನೆ.

ಅಕ್ಕನ ಮನೆಯವರಿಗೆ ಇರುವುದು ಎರಡು ತುಂಡು ಹೊಲ. ರಸ್ತೆಯ ಪಕ್ಕದ್ದು ಮೇಲಿನ ಹೊಲ, ಹಳ್ಳದ ಕಡೆ ಇಳಿಜಾರಿನಲ್ಲಿರುವುದು ಕೆಳಗಿನ ಹೊಲ. ಉಳುವುದು, ನೀರು ಹಾಯಿಸುವುದು, ಅಂಗಡಿಯಿಂದ ಗೊಬ್ಬರದ ಚೀಲ ತಂದು ಚೆಲ್ಲುವುದು, ಔಷಧಿ ಹೊಡೆಯುವುದು ಭಾವನ ಕೆಲಸ. ಎರಡು ಹಸುಗಳ ಸಗಣಿ ಬಾಚುವುದು, ಅದಕ್ಕೆ ಬೂದಿ, ತರಗೆಲೆ, ಅಡುಗೆಮನೆಯ ಸಿಪ್ಪೆ ಸೇರಿಸಿ ತಿಪ್ಪೆ ಹಾಕುವುದು, ತಿರುವಿ ಹಾಕುವುದು, ಕಳಿತ ಮೇಲೆ ಬುಟ್ಟಿಯಲ್ಲಿ ಹೊತ್ತು ಕೆಳಗಿನ ಹೊಲಕ್ಕೆ ಇಳಿಸುವುದು, ಕಳೆ ಕೀಳುವುದು ಅಕ್ಕನ ಕೆಲಸ. ಇದನ್ನು ಯಾರೂ ಕೂತು ಹಂಚಿದ್ದಲ್ಲ. ಚೀಲದಲ್ಲಿ ಬರುವ ಗೊಬ್ಬರ ಗಂಡಸಿನದು, ಬುಟ್ಟಿಯಲ್ಲಿ ಹೋಗುವ ಗೊಬ್ಬರ ಹೆಂಗಸಿನದು ಎಂದು ಊರಿಗೆ ಊರೇ ಒಪ್ಪಿಕೊಂಡಿದೆ. ಚೀಲದ ಮೇಲೆ ಅಕ್ಷರ ಇರುತ್ತದೆ, ಬುಟ್ಟಿಯ ಮೇಲೆ ಇರುವುದಿಲ್ಲ. ನಮ್ಮ ಇಲಾಖೆ ಓದು ಬಲ್ಲವರ ಇಲಾಖೆಯಾದ್ದರಿಂದ ನಮಗೆ ಚೀಲ ಮಾತ್ರ ಕಾಣಿಸಿತು.

ಮೂರು ವರ್ಷದ ಹಿಂದೆ ನಾನು ಕೌಂಟರಿನಲ್ಲಿರಲಿಲ್ಲ. ಊರೂರು ತಿರುಗಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಹಾಗೆಯೇ ಒಂದು ದಿನ ಅಕ್ಕನ ಕೆಳಗಿನ ಹೊಲಕ್ಕೂ ಹೋದೆ. ಹೊಲದ ಎಂಟು ಹತ್ತು ಕಡೆ ಗೇಣು ಆಳ ಅಗೆದು, ಎಲ್ಲ ಮಣ್ಣನ್ನೂ ಬೆರೆಸಿ ಅರ್ಧ ಕೆಜಿ ತರಬೇಕೆಂಬುದು ಕ್ರಮ. ಅಂದು ನನಗೆ ಹನ್ನೆರಡು ಹೊಲ ಮುಗಿಸಬೇಕಿತ್ತು, ಬಿಸಿಲು ಸುಡುತ್ತಿತ್ತು, ಗೇಟಿನ ಪಕ್ಕದ ಮೂಲೆಯಲ್ಲಿ ಮರದ ನೆರಳಿತ್ತು. ಆ ನೆರಳಿನಲ್ಲೇ ಮೂರು ಗುಂಡಿ ತೋಡಿದೆ. ನಮೂನೆಯ ಏಳನೇ ಅಂಕಣದಲ್ಲಿ ನೀವೊಂದು ಪ್ರಶ್ನೆ ಇಟ್ಟಿದ್ದೀರಿ, ಬಹಳ ಒಳ್ಳೆಯ ಪ್ರಶ್ನೆ: ‘ಕಳೆದ ಐದು ವರ್ಷಗಳಲ್ಲಿ ಮಾದರಿ ತೆಗೆದ ಜಾಗದಲ್ಲಿ ತಿಪ್ಪೆ ಇತ್ತೇ?’ ಇದ್ದರೆ ಆ ಮಣ್ಣು ಇಡೀ ಹೊಲದ ಕತೆ ಹೇಳುವುದಿಲ್ಲ. ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂದೂ ನೀವೇ ಬರೆದಿದ್ದೀರಿ. ಹಿಡುವಳಿದಾರನಿಗೆ, ಅಂದರೆ ಜಮೀನಿನ ಕಾಗದದಲ್ಲಿ ಹೆಸರಿರುವವನಿಗೆ.

ಕೇಳಿದೆ.

“ಭಾವ, ಇಲ್ಲಿ ಯಾವಾಗ್ಲಾದ್ರೂ ತಿಪ್ಪೆ ಇತ್ತಾ?”

“ತಿಪ್ಪೆನಾ? ಇಲ್ಲಪ್ಪ. ಅದು ಕೊಟ್ಟಿಗೆ ಹಿಂದೆ ಅಲ್ವಾ ಇರೋದು” ಎಂದರು ಭಾವ.

ಅಷ್ಟರಲ್ಲಿ ಬದುವಿನ ಮೇಲೆ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಅಕ್ಕ ಕೂಗಿದಳು: “ಲೋ, ಅಲ್ಲಿ ಬೇಡ ಕಣೋ! ಅಲ್ಲೇ ನಾನು ನಾಕು ವರ್ಷ ತಿಪ್ಪೆ ಹಾಕಿದ್ದು. ಕೊಟ್ಟಿಗೆ ಹಿಂದಕ್ಕೆ ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ. ಕೆಳಗಡೆ ಬಾ, ಎಲ್ಲಿ ಅಗೀಬೇಕು ಅಂತ ತೋರಿಸ್ತೀನಿ.”

“ಇವಳ ಮಾತು ಕೇಳ್ಬೇಡ. ಇವಳು ನಿನ್ನ ಕೈಲಿ ಇಡೀ ಹೊಲ ಅಗೆಸ್ತಾಳೆ” ಎಂದು ಭಾವ ನಕ್ಕರು. ನಾನೂ ನಕ್ಕೆ.

ಭಾವ ಸುಳ್ಳು ಹೇಳಲಿಲ್ಲ. ಅವರು ಒಳ್ಳೆಯವರು, ಮೈಮುರಿದು ದುಡಿಯುವವರು. ನಾಲ್ಕು ವರ್ಷ ಆ ತಿಪ್ಪೆಯ ಪಕ್ಕದಲ್ಲೇ ಓಡಾಡಿಯೂ ಅವರಿಗೆ ನೆನಪಿರಲಿಲ್ಲ, ಏಕೆಂದರೆ ಅವರು ಒಂದು ದಿನವೂ ಅದನ್ನು ಹೊತ್ತವರಲ್ಲ. ನನ್ನ ವಿಷಯ ಬೇರೆ. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಮೂಲೆಯನ್ನು ಮೂಗು ಮುಚ್ಚಿಕೊಂಡು ದಾಟಿದವನು ನಾನು. ಅವಳು ಕೂಗಿದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಆದರೆ ಸಹಿ ಹಾಕುವವರು ‘ಇಲ್ಲ’ ಅಂದಿದ್ದರು, ಸಹಿ ಹಾಕದವಳು ‘ಇತ್ತು’ ಅಂದಿದ್ದಳು. ನಮೂನೆಯಲ್ಲಿ ಜಾಗ ಇದ್ದದ್ದು ಒಂದೇ ಉತ್ತರಕ್ಕೆ. ‘ಇಲ್ಲ’ ಎಂದು ಬರೆದೆ. ಅಕ್ಕ ಸಿಟ್ಟಾಗಲಿಲ್ಲ. “ಆಯ್ತು, ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ” ಎಂದು ಮನೆಯ ಕಡೆ ಹೋದಳು. ಅವಳು ಆಗ ಒಂದೆರಡು ಬೈದಿದ್ದರೆ ಚೆನ್ನಾಗಿತ್ತು.

ತಿದ್ದಿಕೊಳ್ಳಲು ನನಗೆ ಇನ್ನೊಂದು ಅವಕಾಶವೂ ಸಿಕ್ಕಿತ್ತು. ಪ್ರಯೋಗಾಲಯದಲ್ಲಿ ಆ ಮಾದರಿಯ ಫಲಿತಾಂಶ ಬಂದಾಗ ಪರೀಕ್ಷಕ ಹುಬ್ಬೇರಿಸಿ, “ಏನಪ್ಪಾ, ತಿಪ್ಪೆ ಮಣ್ಣೇ ತಂದುಬಿಟ್ಟಿದ್ದೀಯಾ?” ಎಂದು ತಮಾಷೆ ಮಾಡಿದ. ನಾನು ಎದೆಯುಬ್ಬಿಸಿ, “ಅದು ನಮ್ಮ ಅಕ್ಕನ ಹೊಲ ಸ್ವಾಮಿ, ಹಂಗೇ ಇರತ್ತೆ” ಎಂದೆ. ಗಮನಿಸಿ ಮಾನ್ಯರೇ, ಹೆಮ್ಮೆಪಡುವಾಗ ಅದು ಅಕ್ಕನ ಹೊಲ. ಅಂಕಣ ತುಂಬುವಾಗ ಭಾವನ ಹೊಲ.

ಕಾರ್ಡು ಬಂತು. ಮುಖಪುಟದಲ್ಲಿ ನಿಮ್ಮ ಆ ಪ್ರಸಿದ್ಧ ಚಿತ್ರ: ಎರಡೂ ಬೊಗಸೆಯಲ್ಲಿ ಕಪ್ಪು ಮಣ್ಣು ಹಿಡಿದು ನಗುತ್ತಿರುವ ಹೆಂಗಸು. ನಮ್ಮ ಕಚೇರಿಯ ಗೋಡೆಯ ಮೇಲೂ ಆಕೆ ಇದ್ದಾಳೆ, ಜೀಪಿನ ಬಾಗಿಲ ಮೇಲೂ ಇದ್ದಾಳೆ. ಹೊರಗೆ ಇಷ್ಟೊಂದು ಕಡೆ ನಗುವ ಆಕೆಗೆ ಕಾರ್ಡಿನ ಒಳಗಡೆ ಒಂದು ಗೆರೆ ಜಾಗವಾದರೂ ಬೇಡವೇ? ಒಳಗೆ ಭಾವನ ಹೆಸರಿತ್ತು, ಅದರ ಕೆಳಗೆ ಹೀಗಿತ್ತು: ‘ಸಾವಯವ ಅಂಶ ಅತ್ಯಧಿಕ. ರಂಜಕ ಅತ್ಯಧಿಕ. ಕೊಟ್ಟಿಗೆ ಗೊಬ್ಬರ ಸದ್ಯಕ್ಕೆ ಅಗತ್ಯವಿಲ್ಲ.’

ಭಾವ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದರು. ಬಂದವರಿಗೆಲ್ಲ, “ನಮ್ಮ ಬಾಮೈದ ತಂದುಕೊಟ್ಟಿದ್ದು” ಎಂದು ತೋರಿಸಿದರು. ಹೊಲಕ್ಕೆ ಬೇಡವಾದ ಗೊಬ್ಬರ ಮನೆಯಲ್ಲಿಟ್ಟು ಏನು ಮಾಡುವುದು? ಪಕ್ಕದ ಊರಿನಲ್ಲಿ ಹೂಗಿಡದ ನರ್ಸರಿ ಇಟ್ಟವನೊಬ್ಬ ವಾರಕ್ಕೊಮ್ಮೆ ಗಾಡಿ ತಂದು ಸಗಣಿಯನ್ನೆಲ್ಲ ತುಂಬಿಕೊಂಡು ಹೋಗಲು ಮಾತಾಯಿತು. ಅಕ್ಕನ ಬುಟ್ಟಿ ಅಟ್ಟ ಸೇರಿತು. ಇಪ್ಪತ್ತು ವರ್ಷ ಗೊಬ್ಬರ ತಿಂದು ಬೆಳೆದ ಹೊಲಕ್ಕೆ ಒಂದೇ ಸಲ ಊಟ ನಿಂತಿತು.

ಮೊದಲ ವರ್ಷ ಏನೂ ತಿಳಿಯಲಿಲ್ಲ. ಎರಡನೇ ವರ್ಷ ಅಕ್ಕನಿಗೆ ಕೈಯಲ್ಲಿ ತಿಳಿಯಿತು. ಮೊದಲು ಕಳೆ ಕಿತ್ತರೆ ಬೇರುಸಮೇತ ಬರುತ್ತಿತ್ತಂತೆ; ಈಗ ಕತ್ತಿನ ಹತ್ತಿರ ಪಟ್ಟನೆ ಮುರಿದು ಬೇರು ಒಳಗೇ ಉಳಿಯುತ್ತಿತ್ತು. ಹೆಂಟೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿದ್ದದ್ದು ಈಗ ಗುದ್ದಲಿಯ ಹಿಂಬದಿಯಿಂದ ಹೊಡೆದರೂ ಒಡೆಯಲಿಲ್ಲ. ಮಳೆ ಬಂದ ಮಾರನೆಯ ದಿನ ಮೇಲೆ ಹಪ್ಪಳದಂಥ ಪದರ ಕಟ್ಟಿ, ಬೀನ್ಸಿನ ಮೊಳಕೆ ಅದನ್ನು ಎತ್ತಲಾರದೆ ಅಡಿಯಲ್ಲೇ ಬಾಗಿತು. ಎರೆಹುಳುಗಳಂತೂ ಮನೆ ಖಾಲಿ ಮಾಡಿಕೊಂಡು ಹೋದವು. ಅಕ್ಕ ಇದನ್ನೆಲ್ಲ ಭಾವನಿಗೆ ಹೇಳಿದಳು. “ಕಾಗದದಲ್ಲಿ ಹಂಗಿಲ್ವಲ್ಲ” ಎಂದರು ಭಾವ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದಳು. ಅವರು ನಿಜವಾಗಿಯೂ ನೊಂದುಕೊಂಡು, “ನಿನ್ನ ತಮ್ಮನ ಕೆಲಸಾನೇ ಅನುಮಾನಿಸ್ತೀಯಲ್ಲ! ನಾನು ಅರ್ಜಿ ಹಾಕಿದ್ರೆ ಆಫೀಸಲ್ಲಿ ಅವನ ಮರ್ಯಾದೆ ಏನಾಗ್ಬೇಡ?” ಎಂದರಂತೆ. ನೋಡಿ ಮಾನ್ಯರೇ, ನನ್ನ ಮರ್ಯಾದೆ ಉಳಿಸಲು ಆ ಮನೆಯಲ್ಲಿ ಒಂದು ಹೊಲವನ್ನು ಉಪವಾಸ ಕೆಡವಿದ್ದರು. ನಾನು ಅವರ ಮನೆಗೆ ಹೋಗಿ ಉಂಡು ಬರುತ್ತಲೇ ಇದ್ದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಷ್ಟು ತಿಳಿದ ಹೆಂಗಸು ನಮ್ಮ ತರಬೇತಿಗೆ ಬಂದು ಇದನ್ನೇ ಹೇಳಬಹುದಿತ್ತಲ್ಲ? ಬರಬಹುದಿತ್ತು. ತರಬೇತಿಯನ್ನು ನಾವು ಬೆಳಗ್ಗೆ ಒಂಬತ್ತಕ್ಕೆ, ಊರಿನಿಂದ ಎರಡು ಬಸ್ಸು ದೂರದ ಸಭಾಂಗಣದಲ್ಲಿ, ಕಳೆ ಕೀಳುವ ತಿಂಗಳಲ್ಲೇ ಇಡುತ್ತೇವೆ. ಆಹ್ವಾನ ಹೋಗುವುದು ಹಿಡುವಳಿದಾರರಿಗೆ. ಕೊಟ್ಟಿಗೆ ಗೊಬ್ಬರ ಮಾಡುವುದು ಹೇಗೆ ಎಂದು ಮೂರು ಗಂಟೆ ಉಪನ್ಯಾಸ ಕೇಳಿ, ತಲೆದೂಗಿ, ಟೋಪಿ ಮತ್ತು ಚೀಲ ತೆಗೆದುಕೊಂಡು ಹೋಗುವವರೆಲ್ಲ ಬದುಕಿನಲ್ಲಿ ಒಂದು ಬುಟ್ಟಿ ಸಗಣಿ ಎತ್ತದ ಗಂಡಸರು. ಕಳೆದ ವರ್ಷದ ವರದಿಯಲ್ಲಿ ‘ಮಹಿಳೆಯರ ಭಾಗವಹಿಸುವಿಕೆ ತೃಪ್ತಿಕರ’ ಎಂಬ ಸಾಲು ನಿಮಗೆ ಮೆಚ್ಚುಗೆಯಾಗಿತ್ತು, ಅದರ ಕೆಳಗೆ ಗೆರೆ ಎಳೆದಿದ್ದಿರಿ. ಬರೆದವನು ನಾನೇ. ಆ ದಿನ ಸಭಾಂಗಣದಲ್ಲಿ ಒಂಬತ್ತು ಹೆಂಗಸರಿದ್ದರು. ನಾಲ್ವರು ಚಹಾ ಕೊಟ್ಟರು, ಮೂವರು ಕುರ್ಚಿ ಜೋಡಿಸಿದರು, ಇಬ್ಬರು ಕೊನೆಯಲ್ಲಿ ನೆಲ ಗುಡಿಸಿದರು. ಚಹಾ ಚೆನ್ನಾಗಿತ್ತು, ಆದ್ದರಿಂದ ತೃಪ್ತಿಕರ ಎಂದು ಬರೆದೆ. ಆಗ ಅದು ನನಗೆ ಜಾಣತನವೆನಿಸಿತ್ತು. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಇನ್ನು ಆ ಬುಧವಾರದ ವಿಷಯ. ಸಾಲಿನಲ್ಲಿ ಹನ್ನೊಂದು ಜನರ ಹಿಂದೆ ಅಕ್ಕ ನಿಂತಿದ್ದಳು. ಪಕ್ಕದ ಬಾಗಿಲಿನಿಂದ ಒಳಗೆ ಬಂದು ‘ತಮ್ಮಾ’ ಎನ್ನಬಹುದಿತ್ತು, ಬರಲಿಲ್ಲ. ಅವಳ ಸರದಿ ಬಂದಾಗ ಬಟ್ಟೆಯ ಚೀಲವೊಂದನ್ನು ಕೌಂಟರಿನ ಮೇಲಿಟ್ಟಳು. ಒಳಗೆ ಕೆಳಗಿನ ಹೊಲದ ಮಣ್ಣಿತ್ತು. ಹತ್ತು ಕಡೆ ಅಗೆದು, ನೆರಳಿನಲ್ಲಿ ಒಣಗಿಸಿ, ಕಲ್ಲು ಬೇರು ಆರಿಸಿ, ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ತೆಗೆದು, ಮತ್ತೆ ಹರಡಿ, ಸರಿಯಾಗಿ ಅರ್ಧ ಕೆಜಿ ಉಳಿಸಿ ತಂದಿದ್ದಳು. ಎಲ್ಲೆಲ್ಲಿ ಅಗೆದೆ ಎಂದು ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ಹೊಲದ ಚಿತ್ರ ಬರೆದು ಗುರುತು ಹಾಕಿದ್ದಳು. ತಿಪ್ಪೆ ಇದ್ದ ಮೂಲೆಗೆ ಅಡ್ಡಗೆರೆ ಎಳೆದು ಬಿಟ್ಟಿದ್ದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅಷ್ಟು ಶುದ್ಧವಾದ ಮಾದರಿಯನ್ನು ನಾನು ತಂದಿಲ್ಲ. ಕಲಿತದ್ದು ಎಲ್ಲಿ? ಅವಳ ಮನೆಯಲ್ಲಿ ಉಣ್ಣುವಾಗ ಜಂಬ ಕೊಚ್ಚಿಕೊಂಡು ನಾನೇ ಹೇಳಿದ್ದನ್ನು ಕೇಳಿಸಿಕೊಂಡು.

ನನ್ನ ಹಿಂದೆ ಮೇಲ್ವಿಚಾರಕರು ನಿಂತಿದ್ದರು. ಸಾಲಿನಲ್ಲಿ ನಮ್ಮ ಊರ ಕಡೆಯ ಮೂರು ನಾಲ್ಕು ಜನರಿದ್ದರು. ಸ್ವಂತದವರಿಗೆ ಸಲೀಸು ಮಾಡಿಕೊಡುತ್ತಾನೆಂಬ ಮಾತು ಬರಬಾರದೆಂದು ನಾನು ತಲೆ ಎತ್ತದೆ, ಬೇರೆಯವರನ್ನು ಕೇಳುವ ದನಿಯಲ್ಲೇ ಕೇಳಿದೆ: “ಹೆಸರು?”

ಅಕ್ಕ ತನ್ನ ಹೆಸರು ಹೇಳಿದಳು.

“ಜಮೀನು ಯಾರ ಹೆಸರಲ್ಲಿದೆ?”

“ನಿಮ್ಮ ಭಾವನ ಹೆಸರಲ್ಲಿ.”

“ಹಿಡುವಳಿದಾರರ ಸಹಿ ಬೇಕಾಗತ್ತೆ.”

“ಅವರು ಹಾಕಲ್ಲ ಅಂದಿದ್ದಕ್ಕೇ ಅಲ್ವಾ ನಾನು ಬಂದಿರೋದು?”

ಕೆಂಪು ಪೆನ್ನು ತೆಗೆದುಕೊಂಡು ಷರಾ ಬರೆದು ಮುದ್ರೆ ಒತ್ತಿ ಕೊಟ್ಟೆ. ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ, ಮಣ್ಣಿನ ಮೇಲೆ ಇಟ್ಟುಕೊಂಡು ಹೊರಗೆ ಹೋದಳು. “ಮುಂದಿನವರು” ಎಂದೆ. ಮೇಲ್ವಿಚಾರಕರು ನನ್ನ ಭುಜ ತಟ್ಟಿದರು.

ಮಾನ್ಯರೇ, ನಿಮ್ಮ ಸುತ್ತೋಲೆಯ ಪ್ರಕಾರ ರೈತ ಯಾರು ಗೊತ್ತೇ? ನಾನು. ನಮ್ಮ ತಂದೆಯ ಅರ್ಧ ಎಕರೆ ನನ್ನ ಹೆಸರಿನಲ್ಲಿದೆ. ಅದರಲ್ಲಿ ಏನು ಬೆಳೆದಿದೆ ಎಂದು ಕೇಳಬೇಡಿ. ಹೋಗಿ ನೋಡಿ ಆರು ವರ್ಷವಾಯಿತು. ನಾಳೆ ಬೆಳಗ್ಗೆ ನಾನೊಂದು ಹಿಡಿ ಮಣ್ಣನ್ನು ಬಸ್‌ಸ್ಟ್ಯಾಂಡಿನ ಹೂಕುಂಡದಿಂದ ಎತ್ತಿಕೊಂಡು ಬಂದರೂ ನೀವು ರೈತನೆಂದು ಕುರ್ಚಿ ಕೊಡುತ್ತೀರಿ. ಆ ಅರ್ಧ ಎಕರೆಯಲ್ಲಿ ಅಕ್ಕನಿಗೂ ಪಾಲಿತ್ತು. ತಂದೆ ಹೋದ ಮೇಲೆ, ಎರಡು ಹೆಸರಿದ್ದರೆ ಓಡಾಟ ಜಾಸ್ತಿ ಎಂದು ಹೇಳಿ ಅವಳ ಕೈಯಲ್ಲಿ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವನೂ ನಾನೇ. ಅವಳು ಓದದೆ ಹಾಕಿದಳು, ತಮ್ಮನಲ್ಲವೇ ಎಂದು. ಎಂದಮೇಲೆ ನನ್ನ ಅಕ್ಕನನ್ನು ‘ರೈತರಲ್ಲ’ ಮಾಡಿದ್ದು ಆ ಬುಧವಾರವಲ್ಲ. ಕೆಂಪು ಶಾಯಿಯಲ್ಲಿ ಬರೆದದ್ದು ಮಾತ್ರ ಆ ಬುಧವಾರ.

ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿ ಭಾವನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ತಿಪ್ಪೆ ಇದ್ದ ಜಾಗದ ಮಣ್ಣು ತೆಗೆದದ್ದು, ಅಕ್ಕ ಕೂಗಿದ್ದು, ನಾನು ಕೇಳಿಸಿಕೊಂಡೂ ಸುಳ್ಳು ಬರೆದದ್ದು. ಭಾವ ನನ್ನ ಬೆನ್ನು ಸವರಿ ನಕ್ಕರು. “ಅಕ್ಕನ ಮೇಲಿನ ಪ್ರೀತಿಗೆ ನಿನ್ನ ಮೇಲೇ ಹಾಕ್ಕೊಳ್ತಿದ್ದೀಯ. ಸರ್ಕಾರದ ಮಿಷನ್ನು ಸುಳ್ಳು ಹೇಳತ್ತಾ? ಬೇಕಾದ್ರೆ ಹೊಸ ಕಾಗದ ತಂದು ತೋರಿಸು, ಆಗ ನೋಡೋಣ.”

“ಹಂಗಾದ್ರೆ ಅರ್ಜಿಗೆ ಒಂದು ಸಹಿ ಹಾಕಿ ಭಾವ.”

“ನಾನ್ಯಾಕೆ ಹಾಕ್ಲಿ? ನನಗೆ ಅನುಮಾನಾನೇ ಇಲ್ಲ. ಯಾರಿಗೆ ಅನುಮಾನ ಇದೆಯೋ ಅವರು ಹಾಕ್ಲಿ.”

ಈ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಅನುಮಾನ ಇರುವವರು ಅರ್ಜಿ ಹಾಕಬೇಕಾದ್ದೇ ನ್ಯಾಯ. ಅನುಮಾನವೇ ಇಲ್ಲದವನಿಗೆ ಮಾತ್ರ ಪರೀಕ್ಷೆ ಮಾಡಿಸುವ ಹಕ್ಕು ಕೊಟ್ಟಿರುವ ಇಲಾಖೆ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ಈ ತಿಂಗಳ ಕೊನೆಗೆ ನರ್ಸರಿಯವನೊಂದಿಗೆ ಮಾತು ಮತ್ತೆ ಮೂರು ವರ್ಷಕ್ಕೆ ಗಟ್ಟಿಯಾಗಲಿದೆ, ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಯನ್ನು ಮುಚ್ಚಿ ಸಿಮೆಂಟಿನ ಕಣ ಮಾಡಿಸಲಿದ್ದಾರೆ. ಇನ್ನು ಮೂರು ವರ್ಷ ಗೊಬ್ಬರ ಕಾಣದಿದ್ದರೆ ಕೆಳಗಿನ ಹೊಲ ಮತ್ತೆ ಎದ್ದು ನಿಲ್ಲುವುದಕ್ಕೆ ತನ್ನ ಆಯಸ್ಸು ಸಾಲದು ಎಂದು ಅಕ್ಕ ಹೇಳುತ್ತಾಳೆ. ಅವಳಿಗೆ ನಲವತ್ತೇಳು. ಮಣ್ಣಿನ ವಿಷಯದಲ್ಲಿ ಅವಳ ಮಾತು ಇದುವರೆಗೆ ಸುಳ್ಳಾಗಿಲ್ಲ.

ಭಾವ ಎದ್ದು ಹೋದ ಮೇಲೆ ಅಕ್ಕನ ಹತ್ತಿರ ಪಿಸುಗುಟ್ಟಿದೆ: “ಚೀಲ ನನ್ನ ಕೈಗೆ ಕೊಡು. ಪರೀಕ್ಷಕ ನನ್ನ ಸ್ನೇಹಿತ, ಗುಟ್ಟಾಗಿ ಮಾಡಿಸಿಕೊಡ್ತಾನೆ.”

“ಕದ್ದು ತಂದ ಕಾಗದ ನನಗೆ ಬೇಡ” ಎಂದಳು. “ನನ್ನ ಹೆಸರಲ್ಲಿ ಕೊಡೋದಾದ್ರೆ ಕೊಡು. ಇಲ್ಲಾಂದ್ರೆ ಬಿಡು.”

“ರೂಲ್ಸು ಹಂಗಿದೆ ಅಕ್ಕ, ನಾನೇನು ಮಾಡ್ಲಿ?”

“ರೂಲ್ಸ್ ಇರ್ಲಿ ಬಿಡೋ. ಅರ್ಜಿ ವಾಪಸ್ ಕೊಟ್ಟಿದ್ದಕ್ಕೆ ನನಗೇನೂ ಅನ್ನಿಸ್ಲಿಲ್ಲ. ಅಷ್ಟು ಜನದ ಮುಂದೆ ನನ್ನ ಹೆಸರು ಕೇಳಿದ್ಯಲ್ಲ. ಬಸ್ಸಲ್ಲಿ ಮನೆವರೆಗೂ ಅದೇ ತಲೇಲಿತ್ತು.”

ಮಣ್ಣಿನ ಚೀಲದ ಬಾಯಿ ಬಿಗಿದು ಕಟ್ಟುತ್ತ ಅವಳೇ, “ನಾಳೆ ಬಿಟ್ಟು ಮುಂದಿನ ಸೋಮವಾರ ಬರ್ತೀನಿ. ಸಾಲಲ್ಲೇ ನಿಂತ್ಕೊಂಡು ಬರ್ತೀನಿ” ಎಂದಳು.

ಈಗ ನನ್ನ ಬೇಡಿಕೆ. ‘ಹಿಡುವಳಿದಾರನೇ ರೈತ’ ಎಂಬ ಸಾಲನ್ನು ನಿಮ್ಮ ಸುತ್ತೋಲೆಯಿಂದ ಹೊಡೆದುಹಾಕಿ. ಮಣ್ಣು ಮುಟ್ಟಿ ದುಡಿಯುವ ಯಾರೇ ಮಾದರಿ ತಂದರೂ ಅವರದೇ ಹೆಸರಿನಲ್ಲಿ ತೆಗೆದುಕೊಳ್ಳಿರೆಂದು ಬರೆಯಿರಿ. ಏಳನೇ ಅಂಕಣದ ಪ್ರಶ್ನೆಯನ್ನು ಗೊಬ್ಬರ ಹೊತ್ತವರಿಗೆ ಕೇಳಿಸಿ, ಅವರ ಸಹಿಯನ್ನೂ ಹಾಕಿಸಿ. ನಾನು ಆ ವರ್ಷ ತೆಗೆದ ಮಾದರಿಗಳನ್ನೆಲ್ಲ ಮತ್ತೆ ತೆಗೆಸಿ, ಏಕೆಂದರೆ ನೆರಳಿರುವ ಮೂಲೆಗಳು ಬೇರೆ ಹೊಲಗಳಲ್ಲೂ ಇದ್ದವು, ಬೇಡವೆಂದು ಕೂಗಿದ ಹೆಂಗಸರು ಅಲ್ಲೂ ಇದ್ದರು. ಸಮಿತಿ ಮಾಡುತ್ತೇವೆ, ಪರಿಶೀಲಿಸುತ್ತೇವೆ ಎಂದು ದಯವಿಟ್ಟು ಉತ್ತರಿಸಬೇಡಿ. ಆ ಉತ್ತರವನ್ನು ಬೆರಳಚ್ಚು ಮಾಡುವವನು ನಾನೇ, ಅದರ ಅರ್ಥ ನನಗೆ ಗೊತ್ತು.

ನಿಮ್ಮ ಆದೇಶ ಬರಲಿ, ಬರದಿರಲಿ, ಬರುವ ಸೋಮವಾರ ಮೂರನೇ ಕೌಂಟರಿನಲ್ಲಿ ಆ ಮಣ್ಣನ್ನು ತೆಗೆದುಕೊಳ್ಳುತ್ತೇನೆ. ರೈತರ ಹೆಸರು ಎಂಬಲ್ಲಿ ಅಕ್ಕನ ಹೆಸರು ಬರೆದು, ನೋಂದಣಿ ಸಂಖ್ಯೆ ಕೊಟ್ಟು, ಎಲ್ಲರ ಕಣ್ಣೆದುರೇ ರಶೀದಿ ಹರಿದುಕೊಡುತ್ತೇನೆ. ಅವಳ ಹಿಂದೆ ಇನ್ನೆಷ್ಟು ಹೆಂಗಸರು ಚೀಲ ಹಿಡಿದು ಬಂದರೂ ಅಷ್ಟೇ. ಸಂಜೆಯೊಳಗೆ ನೀವು ನಿಯಮವನ್ನಾದರೂ ಬದಲಾಯಿಸಬಹುದು, ಕೌಂಟರಿನ ಮನುಷ್ಯನನ್ನಾದರೂ ಬದಲಾಯಿಸಬಹುದು. ಎರಡನೆಯದು ನಿಮಗೆ ಸುಲಭವೆಂದು ನನಗೆ ಗೊತ್ತು. ಆದರೆ ಸಂಖ್ಯೆ ಬಿದ್ದ ಮಾದರಿಯನ್ನು ಪರೀಕ್ಷೆ ಮಾಡದೆ ಎಸೆಯುವಂತಿಲ್ಲ ಎಂಬುದೂ ನಿಮ್ಮದೇ ನಿಯಮ.

ನಿಮ್ಮಿಂದ ಕ್ಷಮೆ ಕೇಳುತ್ತಿಲ್ಲ. ಕೇಳಬೇಕಾದವಳನ್ನು ಆ ಭಾನುವಾರವೇ, ಗೇಟಿನವರೆಗೆ ಬಿಡಲು ಬಂದಾಗ ಕೇಳಿದೆ.

“ಅಕ್ಕ, ತಪ್ಪಾಯ್ತು. ಕ್ಷಮಿಸಿದ್ಯಾ?”

ಅವಳು ಗೇಟು ಹಾಕಿಕೊಳ್ಳುತ್ತ ಹೇಳಿದಳು: “ಕಾಗದ ಬರ್ಲಿ. ಹೊಲಕ್ಕೆ ಗೊಬ್ಬರ ಹೋಗ್ಲಿ. ಆಮೇಲೆ ನೋಡೋಣ.”

ಇಂತಿ,
ಸೋಮವಾರದವರೆಗೆ ಮೂರನೇ ಕೌಂಟರಿನ ಗುಮಾಸ್ತ,
ಕಾಗದದ ಪ್ರಕಾರ ರೈತ